ಹಳೆಯ ಎಂಜಿನ್ನಿನ ಬೆಲೆ

ಹುಲಸೂರಿನ ಕಡೆಯಿಂದ ಬಸವಕಲ್ಯಾಣಕ್ಕೆ ಬಂದು, ಅಲ್ಲಿಂದ ಹೈದರಾಬಾದು–ಸೊಲ್ಲಾಪುರ ಹೆದ್ದಾರಿಯನ್ನು ಸೇರುವವರಿಗೆ ಸಸ್ತಾಪುರ ಬಂಗ್ಲಾದ ಆಟೋನಗರವು ಪರಿಚಿತವಾದುದೇ. ಹುಮನಾಬಾದಿನ ದಿಕ್ಕಿನಿಂದಲೂ ಸೊಲ್ಲಾಪುರದ ದಿಕ್ಕಿನಿಂದಲೂ ಬರುವ ಲಾರಿಗಳು ಇಲ್ಲಿ ನಿಂತು ದುರಸ್ತಿಯಾಗುತ್ತವೆ. ಹೊಸ ಲಾರಿಗಳಿಗೆ ಇಲ್ಲಿ ಬಾಡಿ ಕಟ್ಟುತ್ತಾರೆ. ಸುತ್ತಿಗೆಯ ಸದ್ದು ಮತ್ತು ವೆಲ್ಡಿಂಗಿನ ಕಿಡಿಗಳ ನಡುವೆ, ಬಿಚ್ಚಿದ ಎಂಜಿನ್ನುಗಳು ದಾರಿಹೋಕರ ಕಣ್ಣಿಗೆ ಎಣ್ಣೆ ಮೆತ್ತಿದ ಕಬ್ಬಿಣದ ಗಡ್ಡೆಗಳಂತೆ ತೋರುತ್ತವೆ. ಆದರೆ ಅಂತಹ ಎರಡು ಗಡ್ಡೆಗಳಲ್ಲಿ ಒಂದು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುವುದು. ಇನ್ನೊಂದು ಅದರ ಅನೇಕ ಪಟ್ಟು ಬೆಲೆಗೆ ಮಾರಾಟವಾಗುವುದು. ನೋಟಕ್ಕೆ ಒಂದೇ ತೆರನಾಗಿರುವ ವಸ್ತುಗಳಲ್ಲಿ ಇಷ್ಟು ಅಂತರವೇಕೆ? ಈ ಪ್ರಶ್ನೆಗೆ ಉತ್ತರದ ಬಹುಭಾಗವು ಭೌತಶಾಸ್ತ್ರದಲ್ಲಿಯೇ ಇದೆ.

ಹುಲಸೂರಿನ ಒಂದು ಮನೆಯ ಕೊಟ್ಟಿಗೆಯಲ್ಲಿ, ೧೯೬೮ರಲ್ಲಿ ನೋಂದಣಿಯಾದ ಅಂಬಾಸಡರ್ ಕಾರೊಂದು ಬಹುಕಾಲದಿಂದ ನಿಂತಿದೆಯೆಂದು ಭಾವಿಸೋಣ. ಮನೆಯ ಯಜಮಾನನು ಅದನ್ನು ಮಾರಲು ಮನಸ್ಸು ಮಾಡುತ್ತಾನೆ. ಮೂವರು ಗಿರಾಕಿಗಳು ಬರುತ್ತಾರೆ. ಮೊದಲನೆಯವನು ಗುಜರಿಯವನು, ಅವನು ನಂಬುವುದು ತಕ್ಕಡಿಯನ್ನು. ಎರಡನೆಯವನು ಎಂಜಿನ್ನನ್ನು ಕೊರೆದು ತಿದ್ದಿ ಹೆಚ್ಚಿನ ಶಕ್ತಿಯನ್ನು ಪಡೆಯಬಯಸುವ ಉತ್ಸಾಹಿ. ಮೂರನೆಯವನು ಹಳೆಯ ಕಾರುಗಳನ್ನು ಹುಟ್ಟಿದ ರೂಪದಲ್ಲಿಯೇ ಉಳಿಸಿಕೊಳ್ಳುವ ಸಂಗ್ರಾಹಕ. ಒಂದೇ ಎಂಜಿನ್ನಿಗೆ ಮೂವರೂ ಮೂರು ಬೆಲೆ ಹೇಳುತ್ತಾರೆ. ಯಜಮಾನನಿಗೆ ಎಂಜಿನ್ನಿನ ಸ್ಥಿತಿ ತಿಳಿಯದಿದ್ದರೆ, ಮೊದಲು ಬಂದವನ ಮಾತೇ ಬೆಲೆಯಾಗುವುದು.

ಸಿಲಿಂಡರಿನ ಅಳತೆ

ಎಂಜಿನ್ನಿನ ಮುಖ್ಯ ಅಂಗವು ಬ್ಲಾಕು. ಇದು ಬೀಡುಕಬ್ಬಿಣದ ಎರಕ. ಇದರೊಳಗೆ ಕೊರೆದಿರುವ ಸಿಲಿಂಡರುಗಳಲ್ಲಿ ಪಿಸ್ಟನ್ನುಗಳು ಮೇಲೆ ಕೆಳಗೆ ಚಲಿಸುತ್ತವೆ. ಆ ಕಾಲದ ಅಂಬಾಸಡರಿನಲ್ಲಿದ್ದುದು ಇಂಗ್ಲೆಂಡಿನ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ‘ಬಿ’ ಮಾಲೆಯ ಎಂಜಿನ್ನು. ಅದರ ಸಿಲಿಂಡರಿನ ವ್ಯಾಸ ೭೩.೦೨೫ ಮಿಲಿಮೀಟರು, ಪಿಸ್ಟನ್ನು ಒಮ್ಮೆ ಚಲಿಸುವ ದೂರ ೮೮.೯ ಮಿಲಿಮೀಟರು. ಶಾಲೆಯಲ್ಲಿ ಕಲಿತ ಸೂತ್ರವನ್ನು ಇಲ್ಲಿ ಹಚ್ಚಿದರೆ, ವೃತ್ತದ ಕ್ಷೇತ್ರಫಲ ೪೧.೮೮ ಚದರ ಸೆಂಟಿಮೀಟರು, ಒಂದು ಸಿಲಿಂಡರಿನ ಗಾತ್ರ ಸುಮಾರು ೩೭೨ ಘನ ಸೆಂಟಿಮೀಟರು, ನಾಲ್ಕರದು ೧೪೮೯. ‘೧೪೮೯ ಸಿ.ಸಿ. ಎಂಜಿನ್ನು’ ಎಂಬ ಹೆಸರು ಬಂದುದು ಹೀಗೆ.

ಈ ೭೩.೦೨೫ ಎಂಬ ಅಂಕಿಯೇ ನಮ್ಮ ಕಥೆಯ ಕೇಂದ್ರ. ಎಂಜಿನ್ನು ದುಡಿದಂತೆಲ್ಲ ಈ ವ್ಯಾಸವು ಹೆಚ್ಚುತ್ತ ಹೋಗುತ್ತದೆ. ಹೆಚ್ಚಿದ ವ್ಯಾಸವೆಂದರೆ ಗೋಡೆಯಿಂದ ಹೋದ ಲೋಹ. ಹೋದ ಲೋಹವು ತಾನಾಗಿ ಮರಳಿ ಬರುವುದಿಲ್ಲ.

ಸವೆತದ ಗುರುತು

ಸಿಲಿಂಡರಿನ ಗೋಡೆಯು ಎಲ್ಲೆಡೆಯೂ ಸಮನಾಗಿ ಸವೆಯುವುದಿಲ್ಲ. ಅತಿ ಹೆಚ್ಚಿನ ಸವೆತವು ಪಿಸ್ಟನ್ನಿನ ರಿಂಗುಗಳು ಮೇಲ್ತುದಿಯನ್ನು ಮುಟ್ಟುವಲ್ಲಿ ಆಗುವುದು. ಇದಕ್ಕೆ ಕಾರಣವುಂಟು. ಜಾರುವ ಎರಡು ಮೈಗಳ ನಡುವೆ ಎಣ್ಣೆಯ ಪದರವು ನಿಲ್ಲಬೇಕಾದರೆ ವೇಗವು ಬೇಕು. ವೇಗವೇ ಎಣ್ಣೆಯನ್ನು ಆ ಸಂದಿಗೆ ಎಳೆದುಕೊಳ್ಳುತ್ತದೆ. ಆದರೆ ಪಿಸ್ಟನ್ನು ಮೇಲ್ತುದಿಯಲ್ಲಿ ದಿಕ್ಕು ಬದಲಿಸುವಾಗ ಅದರ ವೇಗವು ಒಂದು ಕ್ಷಣ ಸೊನ್ನೆಯಾಗುವುದು. ಅದೇ ಸಮಯದಲ್ಲಿ ಅಲ್ಲಿ ದಹನದ ಶಾಖವೂ ಒತ್ತಡವೂ ಗರಿಷ್ಠವಾಗಿರುತ್ತವೆ. ಎಣ್ಣೆ ತೆಳುವಾಗಿ, ಲೋಹವು ಲೋಹವನ್ನು ಉಜ್ಜುವುದು. ಅದಕ್ಕೂ ಮೇಲಿನ ಭಾಗವನ್ನು ರಿಂಗು ಮುಟ್ಟುವುದೇ ಇಲ್ಲವಾದುದರಿಂದ ಅಲ್ಲಿ ಗೋಡೆ ಹಾಗೆಯೇ ಉಳಿದು ಸಣ್ಣದೊಂದು ಅಂಚು ಏಳುತ್ತದೆ. ಅನುಭವಿಯಾದ ಮಿಸ್ತ್ರಿಯು ಹೆಡ್ಡನ್ನು ಬಿಚ್ಚಿದೊಡನೆ ಬೆರಳನ್ನು ಒಳಗಿಟ್ಟು ಉಗುರಿನಿಂದ ಈ ಅಂಚನ್ನು ಹುಡುಕುತ್ತಾನೆ. ಮೇಲೆ ಬಳಿದ ಹೊಸ ಬಣ್ಣವು ಕಣ್ಣನ್ನು ವಂಚಿಸಬಹುದು; ಉಗುರನ್ನು ವಂಚಿಸಲಾರದು.

ಬಿಚ್ಚದೆಯೇ ತಿಳಿಯುವ ಉಪಾಯವೂ ಇದೆ. ಎಂಜಿನ್ನು ತಿರುಗುವ ಸ್ಥಿತಿಯಲ್ಲಿದ್ದರೆ, ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು ಆ ರಂಧ್ರಕ್ಕೆ ಒತ್ತಡಮಾಪಕವನ್ನು ಹಿಡಿದು ತಿರುಗಿಸಬೇಕು. ನಾಲ್ಕು ಸಿಲಿಂಡರುಗಳ ಒತ್ತಡವೂ ಹತ್ತಿರ ಹತ್ತಿರವಿದ್ದರೆ ಒಳ್ಳೆಯದು. ಒಂದರಲ್ಲಿ ಕಡಿಮೆಯಿದ್ದರೆ ಅದರೊಳಗೆ ಒಂದು ಚಮಚ ಎಣ್ಣೆಯನ್ನು ಹಾಕಿ ಮತ್ತೆ ನೋಡಬೇಕು. ಒತ್ತಡವು ಏರಿದರೆ ರಿಂಗು ಅಥವಾ ಗೋಡೆ ಸವೆದಿದೆ. ಎಣ್ಣೆಯು ಆ ಸಂದಿಯನ್ನು ತಾತ್ಕಾಲಿಕವಾಗಿ ಮುಚ್ಚಿದೆ. ಏರದಿದ್ದರೆ ದೋಷವು ಬಹುಶಃ ವಾಲ್ವುಗಳಲ್ಲಿದೆ. ವಾಲ್ವಿನ ರಿಪೇರಿ ಅಗ್ಗ, ಸಿಲಿಂಡರಿನದು ದುಬಾರಿ. ಒಂದು ಚಮಚ ಎಣ್ಣೆಯು ಈ ಎರಡನ್ನೂ ಬೇರ್ಪಡಿಸುತ್ತದೆ.

ಸವೆದ ಸಿಲಿಂಡರನ್ನು ಯಂತ್ರದಿಂದ ಮತ್ತೆ ಕೊರೆದು, ದೊಡ್ಡ ಪಿಸ್ಟನ್ನುಗಳನ್ನು ಹಾಕುವುದು ರೂಢಿ. ಇಂತಹ ಪಿಸ್ಟನ್ನುಗಳು ಇಂಚಿನ ಸಾವಿರ ಭಾಗಗಳಲ್ಲಿ ೧೦, ೨೦, ೩೦, ೪೦ ಭಾಗ ಹೆಚ್ಚಿನ ವ್ಯಾಸದಲ್ಲಿ ದೊರೆಯುತ್ತವೆ. ಆ ಅಂಕಿಯನ್ನು ಸಾಮಾನ್ಯವಾಗಿ ಪಿಸ್ಟನ್ನಿನ ತಲೆಯ ಮೇಲೆಯೇ ಒತ್ತಿರುತ್ತಾರೆ. ಅದನ್ನು ಓದಿದರೆ ಎಂಜಿನ್ನಿನ ಆಯುಷ್ಯದಲ್ಲಿ ಎಷ್ಟು ಮೆಟ್ಟಿಲು ಕಳೆದಿವೆಯೆಂಬುದು ತಿಳಿಯುವುದು. ಕೊನೆಯ ಮೆಟ್ಟಿಲನ್ನೂ ದಾಟಿದ ಬ್ಲಾಕಿಗೆ ಉಕ್ಕಿನ ಅಥವಾ ಬೀಡಿನ ಲೈನರನ್ನು ಒತ್ತಿ ಕೂಡಿಸಿ ಮೊದಲಿನ ವ್ಯಾಸಕ್ಕೆ ತರಬಹುದು. ಎಂಜಿನ್ನು ಓಡುವುದು; ಆದರೆ ಮೂಲದ ಗೋಡೆ ಹೋಗಿಬಿಟ್ಟಿರುತ್ತದೆ.

ಶಕ್ತಿಯನ್ನು ಅರಸಿದವರು

ಸವೆತವು ಕಿತ್ತುಕೊಳ್ಳುವ ಲೋಹವನ್ನು ನಮ್ಮ ಎರಡನೆಯ ಗಿರಾಕಿಯು ಬೇಕೆಂದೇ ತೆಗೆಯುತ್ತಾನೆ. ಈ ವಿದ್ಯೆ ಪ್ರಸಿದ್ಧಿಗೆ ಬಂದುದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ. ೧೯೩೦ರ ದಶಕದಲ್ಲಿ ಅಲ್ಲಿಯ ತರುಣರು ಗುಜರಿಯಿಂದ ಹಳೆಯ ಫೋರ್ಡ್ ಕಾರುಗಳನ್ನು ಅಗ್ಗಕ್ಕೆ ಕೊಂಡು, ಮಡ್‌ಗಾರ್ಡುಗಳನ್ನು ಕಳಚಿ ಭಾರವನ್ನು ಇಳಿಸಿ, ಮ್ಯೂರಾಕ್ ಎಂಬ ಒಣಗಿದ ಕೆರೆಯ ಅಂಗಳದಲ್ಲಿ ಓಡಿಸುತ್ತಿದ್ದರು. ಇಂತಹ ಕಾರುಗಳಿಗೆ ಮುಂದೆ ‘ಹಾಟ್ ರಾಡ್’ ಎಂಬ ಹೆಸರು ಬಂದಿತು. ೧೯೩೨ರಲ್ಲಿ ಫೋರ್ಡ್ ಕಂಪನಿಯು ಹೊರತಂದ ಎಂಟು ಸಿಲಿಂಡರುಗಳ, ೬೫ ಅಶ್ವಶಕ್ತಿಯ ‘ವಿ–೮’ ಎಂಜಿನ್ನು ಅವರ ಅಚ್ಚುಮೆಚ್ಚಿನದಾಯಿತು. ಅದಕ್ಕೆ ಬೇಕಾದ ಹೆಡ್ಡು, ಕ್ಯಾಮ್ ಶಾಫ್ಟು, ಜೋಡಿ ಕಾರ್ಬುರೇಟರುಗಳನ್ನು ಮಾಡಿ ಮಾರುವುದೇ ಒಂದು ಉದ್ಯಮವಾಗಿ ಬೆಳೆಯಿತು.

ಹೆಡ್ಡಿನ ತಳವನ್ನು ಕೆತ್ತಿದರೆ ಶಕ್ತಿ ಏಕೆ ಹೆಚ್ಚಬೇಕು? ನಮ್ಮ ಅಂಬಾಸಡರಿನ ಸಿಲಿಂಡರಿನಲ್ಲಿ ೩೭೨ ಘನ ಸೆಂಟಿಮೀಟರು ಸ್ಥಳವನ್ನು ಪಿಸ್ಟನ್ನು ಗುಡಿಸುತ್ತದೆ. ಮೇಲ್ತುದಿಯಲ್ಲಿ ಉಳಿಯುವ ದಹನಕೋಣೆಯು ೬೨ ಘನ ಸೆಂಟಿಮೀಟರು ಇದೆಯೆಂದಿಟ್ಟುಕೊಳ್ಳೋಣ. ಆಗ ಒಟ್ಟು ೪೩೪ ಘನ ಸೆಂಟಿಮೀಟರಿನ ಅನಿಲವು ೬೨ಕ್ಕೆ ಅಡಕವಾಗುತ್ತದೆ. ಸಂಪೀಡನದ ನಿಷ್ಪತ್ತಿ ೭. ಹೆಡ್ಡನ್ನು ಕೆತ್ತಿ ಕೋಣೆಯನ್ನು ೫೩ಕ್ಕೆ ಇಳಿಸಿದರೆ ನಿಷ್ಪತ್ತಿಯು ೮ ಆಗುವುದು. ಆದರ್ಶ ಎಂಜಿನ್ನಿನ ಲೆಕ್ಕದಲ್ಲಿ, ಈ ನಿಷ್ಪತ್ತಿ ಹೆಚ್ಚಿದಷ್ಟೂ ಶಾಖದ ಹೆಚ್ಚಿನ ಪಾಲು ಕೆಲಸವಾಗಿ ಮಾರ್ಪಡುತ್ತದೆ. ನಿಷ್ಪತ್ತಿ ೪ ಇದ್ದರೆ ನೂರರಲ್ಲಿ ಸುಮಾರು ೪೩ ಪಾಲು. ೮ ಇದ್ದರೆ ಸುಮಾರು ೫೬ ಪಾಲು. ನಿಜವಾದ ಎಂಜಿನ್ನುಗಳು ಇದಕ್ಕಿಂತ ಬಹಳ ಕಡಿಮೆ ಕೊಡುವುವಾದರೂ ನಿಯಮದ ದಿಕ್ಕು ಇದೇ.

ಆದರೆ ಈ ಲಾಭಕ್ಕೆ ತೆರಿಗೆಯಿದೆ. ಹೆಚ್ಚು ಒತ್ತಿದ ಅನಿಲವು ಹೆಚ್ಚು ಕಾಯುವುದು. ಕಿಡಿ ಹೊತ್ತಿಸಿದ ಜ್ವಾಲೆಯು ತಲುಪುವ ಮೊದಲೇ ಉಳಿದ ಅನಿಲವು ತಾನಾಗಿ ಸಿಡಿದು ಪಿಸ್ಟನ್ನನ್ನು ಬಡಿಯುವುದು. ಸಿಲಿಂಡರನ್ನು ಅತಿಯಾಗಿ ಕೊರೆದರೆ ತೆಳುವಾದ ಗೋಡೆಯು ಶಾಖದಲ್ಲಿ ಸೊಟ್ಟಗಾಗುವುದು. ಲಾಭವಾದರೂ ಎಷ್ಟು? ನಮ್ಮ ಎಂಜಿನ್ನನ್ನು ೪೦ರ ಅಳತೆಗೆ ಕೊರೆದರೆ ಗಾತ್ರವು ೧೪೮೯ರಿಂದ ಸುಮಾರು ೧೫೩೧ಕ್ಕೆ ಏರುವುದು. ನೂರಕ್ಕೆ ಮೂರೂ ಪೂರ್ತಿಯಾಗಿ ಇಲ್ಲ. ಅದಕ್ಕಾಗಿ ಆ ಬ್ಲಾಕಿನ ಮುಂದಿನ ರಿಪೇರಿಯ ಅವಕಾಶಗಳನ್ನೆಲ್ಲ ಒಂದೇ ದಿನ ಖರ್ಚುಮಾಡಿದಂತಾಯಿತು.

ಬಿರುಕು

ಫೋರ್ಡ್ ವಿ–೮ ಎಂಜಿನ್ನಿನಲ್ಲಿ ಸುಟ್ಟ ಅನಿಲದ ದಾರಿಗಳು ಬ್ಲಾಕಿನೊಳಗಿಂದಲೇ ಹಾದುಹೋಗುತ್ತಿದ್ದುದರಿಂದ ಬ್ಲಾಕು ಬಹಳ ಕಾಯುತ್ತಿತ್ತು, ಅನೇಕವು ಬಿರುಕುಬಿಟ್ಟವು. ಬಿರುಕಿಲ್ಲದ ಬ್ಲಾಕಿಗೆ ಹಳೆಯ ಎಂಜಿನ್ನುಗಳ ಪೇಟೆಯಲ್ಲಿ ವಿಶೇಷ ಬೆಲೆಯಿರುವುದು ಇದರಿಂದಲೇ. ಬೀಡುಕಬ್ಬಿಣವು ಪೆಡಸು, ಅದರ ಬೆಸುಗೆ ಕಷ್ಟ.

ಕಣ್ಣಿಗೆ ಕಾಣದ ಬಿರುಕನ್ನು ಹುಡುಕಲು ಹಳೆಯದೊಂದು ಉಪಾಯವುಂಟು. ಬ್ಲಾಕನ್ನು ಚೆನ್ನಾಗಿ ತೊಳೆದು ಸೀಮೆಎಣ್ಣೆಯನ್ನು ಸವರಿ, ಸ್ವಲ್ಪ ಹೊತ್ತು ಬಿಟ್ಟು, ಒರೆಸಿ ಒಣಗಿಸಿ, ಮೇಲೆ ಸೀಮೆಸುಣ್ಣದ ಪುಡಿಯನ್ನು ಉದುರಿಸಬೇಕು. ಬಿರುಕಿನೊಳಗೆ ಇಳಿದಿದ್ದ ಸೀಮೆಎಣ್ಣೆಯನ್ನು ಪುಡಿಯು ಹೀರಿಕೊಂಡು, ಬಿಳುಪಿನ ಮೇಲೆ ಕಪ್ಪು ಗೆರೆಯೊಂದು ಮೂಡುವುದು. ದೀಪದ ಬತ್ತಿಯಲ್ಲಿ ಎಣ್ಣೆಯು ಏರುವುದೂ ಇದೂ ಒಂದೇ ತತ್ತ್ವ, ಕೇಶಾಕರ್ಷಣ.

ಕೊಟ್ಟಿಗೆಯಲ್ಲಿ ನಿಂತ ಎಂಜಿನ್ನಿಗೆ ಮತ್ತೊಂದು ಶತ್ರು ತುಕ್ಕು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮೀರಿದ ಜಾಗವನ್ನು ಬೇಡುತ್ತದೆ. ಆದುದರಿಂದಲೇ ಪಿಸ್ಟನ್ನು ಸಿಲಿಂಡರಿನಲ್ಲಿ ಕಚ್ಚಿಕೊಳ್ಳುವುದು. ಬಲವಂತದಿಂದ ಬಡಿದರೆ ಉಳಿಯಬಹುದಾಗಿದ್ದ ಬ್ಲಾಕೂ ಒಡೆಯುವುದು. ತೆಳುವಾದ ಎಣ್ಣೆಯನ್ನು ಹನಿಸಿ ಹಲವು ದಿನ ಕಾದು, ಕೈಯಿಂದ ಮೆಲ್ಲನೆ ಹಿಂದಕ್ಕೂ ಮುಂದಕ್ಕೂ ಅಲುಗಿಸುವುದೇ ಸರಿಯಾದ ಕ್ರಮ.

ಸಂಖ್ಯೆಯೂ ಕಾಗದವೂ

ಮೂರನೆಯ ಗಿರಾಕಿಯು ಮೊದಲು ಕೇಳುವುದು ಎಂಜಿನ್ನಿನ ಸಂಖ್ಯೆಯನ್ನು. ಡೀಸೆಲ್ಲು ಅಗ್ಗವಾಗಿದ್ದ ಕಾಲದಲ್ಲಿ ಅನೇಕ ಅಂಬಾಸಡರುಗಳ ಪೆಟ್ರೋಲು ಎಂಜಿನ್ನುಗಳನ್ನು ಕಿತ್ತು ಡೀಸೆಲ್ ಎಂಜಿನ್ನುಗಳನ್ನು ಕೂಡಿಸಿದರು. ಕಿತ್ತವು ಗುಜರಿಯಲ್ಲಿ ಕರಗಿದವು. ಕಾರಿನ ತಯಾರಿಕೆಯೂ ೨೦೧೪ರಲ್ಲಿ ನಿಂತುಹೋಯಿತು. ಆದುದರಿಂದ ಕಾರಿನೊಡನೆ ಹುಟ್ಟಿದ ಎಂಜಿನ್ನು ಕಾರಿನಲ್ಲಿಯೇ ಇದ್ದರೆ ಅದು ವಿರಳ ವಸ್ತು. ಸರ್ಕಾರದ ನಿಯಮವೂ ಇದನ್ನು ಗುರುತಿಸಿದೆ. ೨೦೨೧ರ ಜುಲೈಯಲ್ಲಿ ಪ್ರಕಟವಾದ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಾಗಿ ಐವತ್ತು ವರ್ಷ ಮೀರಿದ, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡಿಲ್ಲದ ಖಾಸಗಿ ವಾಹನವು ‘ವಿಂಟೇಜ್’ ಎಂದು ನೋಂದಣಿಯಾಗಬಹುದು. ಇದಕ್ಕೆ ವ್ಯತಿರಿಕ್ತವಾಗಿ, ನೋಂದಣಿ ಪತ್ರದ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು ತಡೆಯುತ್ತದೆ. ಕ್ಯಾಲಿಫೋರ್ನಿಯದ ತರುಣರ ಸಾಹಸವನ್ನು ನಮ್ಮ ರಸ್ತೆಗಳ ಮೇಲೆ ಅನುಕರಿಸಬಯಸುವವರು ಇದನ್ನು ನೆನಪಿಡಬೇಕು.

ಸಂಖ್ಯೆಯನ್ನು ಉಜ್ಜಿ ಅಳಿಸಿದ ಎಂಜಿನ್ನನ್ನು ಎಷ್ಟೇ ಅಗ್ಗವಾದರೂ ಕೊಳ್ಳಬಾರದು. ಅದು ಕಳವಿನ ಮಾಲಾಗಿರಬಹುದು. ಅಳಿಸಿದವನು ತಿಳಿಯದ ಸಂಗತಿಯೊಂದಿದೆ. ಅಚ್ಚು ಒತ್ತುವಾಗ ಅಂಕಿಯ ಕೆಳಗಿನ ಲೋಹದ ಹರಳುಗಳೂ ನಲುಗಿರುತ್ತವೆ. ಮೇಲ್ಮೈಯನ್ನು ನಯಮಾಡಿ ತಕ್ಕ ಆಮ್ಲದ್ರಾವಣವನ್ನು ಸವರಿದರೆ, ನಲುಗಿದ ಭಾಗವು ಉಳಿದುದಕ್ಕಿಂತ ಬೇರೆ ವೇಗದಲ್ಲಿ ಕರಗುವುದರಿಂದ, ಅಂಕಿಯು ಎಷ್ಟೋ ಸಲ ಮತ್ತೆ ಕಾಣಿಸಿಕೊಳ್ಳುವುದು. ಅಪರಾಧ ಪತ್ತೆಯ ಪ್ರಯೋಗಶಾಲೆಗಳಲ್ಲಿ ಈ ವಿಧಾನವು ಬಳಕೆಯಲ್ಲಿದೆ.

ಈಗ ಹುಲಸೂರಿನ ಕೊಟ್ಟಿಗೆಗೆ ಮರಳೋಣ. ಬ್ಲಾಕು ಸರಿಪಡಿಸಲಾಗದಂತೆ ಒಡೆದಿದ್ದರೆ ಗುಜರಿಯವನ ತಕ್ಕಡಿಯೇ ನ್ಯಾಯವಾದ ಬೆಲೆ. ಆ ಕಬ್ಬಿಣವು ಕರಗಿ ಮತ್ತೊಂದು ಎರಕವಾಗುವುದು. ಗೋಡೆಯಲ್ಲಿ ಲೋಹ ಉಳಿದಿದ್ದು ಸಂಖ್ಯೆ ಮಾತ್ರ ಕಾರಿನ ಕಾಗದಕ್ಕೆ ಹೊಂದದಿದ್ದರೆ, ಸಂಗ್ರಾಹಕನಿಗೆ ಅದು ಬಿಡಿಭಾಗಗಳ ಮೂಲ. ಪಂದ್ಯದ ಅಂಗಳಕ್ಕೆ ಎಂಜಿನ್ನು ಕಟ್ಟುವವನಿಗೆ ಪ್ರಯೋಗದ ವಸ್ತು. ಆದರೆ ಸಿಲಿಂಡರು ಮೂಲದ ಅಳತೆಯಲ್ಲಿದ್ದು, ಸಂಖ್ಯೆಯೂ ಕಾಗದವೂ ಹೊಂದಿಕೊಂಡಿದ್ದರೆ, ಅದನ್ನು ತೂಕಕ್ಕೆ ಮಾರುವುದೂ ಕೊರೆದು ಹಾಳುಮಾಡುವುದೂ ತಿದ್ದಲಾಗದ ತಪ್ಪು. ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿರುವ ನಿಜಾಮರ ೧೯೧೨ರ ರೋಲ್ಸ್ ರಾಯ್ಸನ್ನೂ ಧರ್ಮಸ್ಥಳದ ವಸ್ತುಸಂಗ್ರಹಾಲಯದ ಹಳೆಯ ಕಾರುಗಳನ್ನೂ ನಾವು ಇಂದು ನೋಡಬಲ್ಲೆವಾದರೆ, ಯಾರೋ ಒಂದು ದಿನ ಅವುಗಳನ್ನು ತಕ್ಕಡಿಗೆ ಹಾಕಲು ಒಪ್ಪಲಿಲ್ಲವೆಂಬುದೇ ಕಾರಣ.

ಯಜಮಾನನು ಮಾಡಬೇಕಾದುದು ಇಷ್ಟೆ: ಬೆಲೆ ಹೇಳುವ ಮೊದಲು ಅಳೆಯಬೇಕು. ಮನೆಯಲ್ಲಿ ಕಾಲೇಜಿಗೆ ಹೋಗುವ ಹುಡುಗನೋ ಹುಡುಗಿಯೋ ಇದ್ದರೆ, ಒಂದು ವರ್ನಿಯರ್ ಕ್ಯಾಲಿಪರು, ಒಂದು ಚಮಚ ಎಣ್ಣೆ, ಒಂದು ಸೀಮೆಸುಣ್ಣ ಇವುಗಳಿಂದ ಆ ಕೆಲಸವನ್ನು ಆರಂಭಿಸಬಹುದು.