ನಿಮಗಿದು ಗೊತ್ತೆ? ತುಂಬಿಟ್ಟ ಮ್ಯಾಗಜೀನಿನ ಸ್ಪ್ರಿಂಗ್ ಸೊರಗುವುದಿಲ್ಲ

ರೈಫಲ್ಲಿನ ಮ್ಯಾಗಜೀನಿಗೆ ಗುಂಡು ತುಂಬಿ ವರ್ಷಗಟ್ಟಲೆ ಇಟ್ಟರೆ ಒಳಗಿನ ಸ್ಪ್ರಿಂಗ್ ಶಕ್ತಿ ಕಳೆದುಕೊಳ್ಳುತ್ತದೆ ಎಂಬ ನಂಬಿಕೆ ಹಳೆಯದು. ವಾಸ್ತವ ಬೇರೆ. ಸ್ಥಿತಿಸ್ಥಾಪಕ ಮಿತಿಯೊಳಗೆ ಒತ್ತಿಟ್ಟ ಒಳ್ಳೆಯ ಉಕ್ಕಿನ ಸ್ಪ್ರಿಂಗ್, ಬಿಟ್ಟೊಡನೆ ಹೆಚ್ಚುಕಡಿಮೆ ಮೊದಲಿನ ಉದ್ದಕ್ಕೇ ಮರಳುತ್ತದೆ. ಹೊಸದರಲ್ಲಿ ತುಸು ಗಿಡ್ಡವಾದರೂ ಬೇಗನೆ ಸ್ಥಿರಗೊಳ್ಳುತ್ತದೆ. ಅದನ್ನು ನಿಜವಾಗಿ ದಣಿಸುವುದು ಪದೇ ಪದೇ ತುಂಬಿ ಖಾಲಿ ಮಾಡುವ ಕ್ರಿಯೆ. ತುಕ್ಕು ಇನ್ನೊಂದು ಶತ್ರು.

ದೀರ್ಘಕಾಲದ ಒತ್ತಡ ಕಾಡುವುದು ಮ್ಯಾಗಜೀನಿನ ಬಾಯಿಯನ್ನು. ಮೇಲಿನ ಗುಂಡು ಹೊರಚಿಮ್ಮದಂತೆ ತಡೆಯುವ, ಒಳಕ್ಕೆ ಬಾಗಿದ ಎರಡು ಅಂಚುಗಳಿಗೆ ‘ತುಟಿ’ ಎನ್ನಬಹುದು. ಸ್ಪ್ರಿಂಗಿನ ಒತ್ತು ಹಗಲೂ ರಾತ್ರಿ ಬೀಳುವುದು ಇವುಗಳ ಮೇಲೆ. ಉಕ್ಕಿನ ತುಟಿ ಇದನ್ನು ತಾಳಿಕೊಳ್ಳುತ್ತದೆ. ಕೆಲವು ಪ್ಲಾಸ್ಟಿಕ್ ತುಟಿಗಳು, ಅದರಲ್ಲೂ ಬಿಸಿಯಲ್ಲಿ, ನಿಧಾನವಾಗಿ ಅಗಲಗೊಳ್ಳಬಹುದು. ಆಗ ಗುಂಡು ಸರಿಯಾದ ಕೋನದಲ್ಲಿ ನಳಿಗೆಗೆ ಏರದೆ ಸಿಕ್ಕಿಕೊಳ್ಳುತ್ತದೆ. ಅಮೆರಿಕದ ಮ್ಯಾಗ್‌ಪುಲ್ ಕಂಪನಿಯ ‘ಪಿಮ್ಯಾಗ್’ ಎಂಬ ಕೆಲವು ಮ್ಯಾಗಜೀನುಗಳಿಗೆ ಇದನ್ನು ತಡೆಯಲು ನೆರವಾಗುವ ಒಂದು ಮುಚ್ಚಳವಿದೆ. ಅದನ್ನು ಹಾಕಿದಾಗ ಮೇಲಿನ ಗುಂಡು ತುಸು ಕೆಳಗಿಳಿದು, ತುಟಿಗಳ ಮೇಲಿನ ಭಾರ ತಗ್ಗುತ್ತದೆ.

ಮ್ಯಾಗಜೀನನ್ನು ಪೂರ್ತಿ ತುಂಬುವ ಬಗ್ಗೆ ಬೇರೊಂದು ಅಂಜಿಕೆಯೂ ಇತ್ತು. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಅನೇಕ ಸೈನಿಕರು ಎಂ-16 ರೈಫಲ್ಲಿನ 20 ಗುಂಡಿನ ಮ್ಯಾಗಜೀನಿಗೆ 18 ಮಾತ್ರ ತುಂಬುತ್ತಿದ್ದರು. ಕಿಕ್ಕಿರಿದ ಗುಂಡುಗಳು ಸಿಕ್ಕಿಕೊಳ್ಳಬಾರದು ಎಂಬುದು ಅವರ ಕಾಳಜಿಯಾಗಿತ್ತು.

ತುಂಬಿದ ಮ್ಯಾಗಜೀನನ್ನು ಒಣ, ತಂಪಾದ, ಬೀಗ ಹಾಕಿದ ಜಾಗದಲ್ಲಿಡಬೇಕು. ಆಗಾಗ ತುಟಿಯಲ್ಲಿ ಬಿರುಕು, ಸ್ಪ್ರಿಂಗಿನಲ್ಲಿ ತುಕ್ಕು ಇದೆಯೇ ಎಂದು ನೋಡಬೇಕು. ಸ್ಪ್ರಿಂಗ್ ಬದಲಿಸಬಹುದು, ತುಟಿ ಬಿರಿದ ಮ್ಯಾಗಜೀನನ್ನು ಬಳಕೆಯಿಂದ ತೆಗೆಯುವುದೇ ಕ್ಷೇಮ.