ಒಂಬತ್ತು ತುಂಡುಗಳ ಶಾಂಘೈ ಟವರ್

ಶಾಂಘೈನ ಲುಜಿಯಾಜುಯಿ ಮೆಟ್ರೊ ನಿಲ್ದಾಣದಿಂದ ಮೇಲೆ ಬಂದವರಿಗೆ ಮೂರು ಗೋಪುರಗಳು ಒಟ್ಟಿಗೇ ಕಣ್ಣಿಗೆ ಬೀಳುತ್ತವೆ. ಒಂದು 1999ರ ಜಿನ್ ಮಾವೊ, 421 ಮೀಟರ್. ಇನ್ನೊಂದು 2008ರ ವರ್ಲ್ಡ್ ಫೈನಾನ್ಷಿಯಲ್ ಸೆಂಟರ್, 492 ಮೀಟರ್; ನೆತ್ತಿಯಲ್ಲಿ ದೊಡ್ಡ ಕಂಡಿ ಇರುವುದರಿಂದ ಊರವರ ಬಾಯಲ್ಲಿ ಅದು ‘ಬಾಟಲಿ ಓಪನರ್’. ಇವೆರಡನ್ನೂ ಮೀರಿಸಿ, ಮೈ ತಿರುಚಿಕೊಂಡು ಮೇಲೇರಿರುವುದೇ ಶಾಂಘೈ ಟವರ್. 632 ಮೀಟರ್, 128 ಮಹಡಿ. ಚೀನಾದಲ್ಲಿ ಇದಕ್ಕಿಂತ ಎತ್ತರದ ಕಟ್ಟಡ ಇನ್ನೊಂದಿಲ್ಲ. ಹುವಾಂಗ್‌ಪು ನದಿಯ ಈ ದಂಡೆಯಲ್ಲಿ 1990ರ ಸುಮಾರಿಗೆ ಇದ್ದದ್ದು ಗೋದಾಮು, ಕಾರ್ಖಾನೆ ಮತ್ತು ಹೊಲಗಳು.

ಗೆನ್ಸ್ಲರ್ ಸಂಸ್ಥೆ ವಿನ್ಯಾಸ ಮಾಡಿದ ಈ ಕಟ್ಟಡದ ಕೆಲಸ 2008ರಲ್ಲಿ ಆರಂಭವಾಗಿ 2015ರಲ್ಲಿ ಮುಗಿಯಿತು. ತಳದಲ್ಲಿ ಅಂಗಡಿಗಳು, ಅದರ ಮೇಲೆ ಕಚೇರಿಗಳು, ಇನ್ನೂ ಮೇಲೆ ಹೋಟೆಲು, ತುದಿಯಲ್ಲಿ ಪ್ರೇಕ್ಷಕರ ಗ್ಯಾಲರಿ. ಪ್ರವಾಸಿಗರು ಫೋಟೊ ತೆಗೆಯುವುದೆಲ್ಲ ಆ ತುದಿಯಲ್ಲಿ. ಕಟ್ಟಡದ ನಿಜವಾದ ಜಾಣ್ಮೆ ಇರುವುದು ಯಾರನ್ನೂ ಒಳಗೆ ಬಿಡದ ಸರ್ವಿಸ್ ಮಹಡಿಗಳಲ್ಲಿ. 632 ಮೀಟರನ್ನು ಒಂದೇ ಕಟ್ಟಡವೆಂದು ನೋಡಿದ್ದರೆ ಇಲ್ಲಿ ನಲ್ಲಿಯೂ ತಿರುಗುತ್ತಿರಲಿಲ್ಲ, ಲಿಫ್ಟೂ ಓಡುತ್ತಿರಲಿಲ್ಲ. ಎಂಜಿನಿಯರುಗಳು ಎತ್ತರವನ್ನು ತುಂಡು ಮಾಡಿದರು. ತಲಾ 12ರಿಂದ 15 ಮಹಡಿಗಳ ಒಂಬತ್ತು ವಲಯಗಳು. ಒಂದು ವಲಯ ಮುಗಿದು ಇನ್ನೊಂದು ಶುರುವಾಗುವ ಕಡೆ ಯಂತ್ರಗಳಿಗೆಂದೇ ಮೀಸಲಾದ ಮಹಡಿಗಳು.

ಮೊದಲು ನೀರಿನ ಸಂಗತಿ. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ನೆಲದಡಿ ಸಂಪು, ತಾರಸಿಯ ಮೇಲೆ ಟ್ಯಾಂಕು, ನಡುವೆ ಒಂದು ಪಂಪು. ಅಲ್ಲಿಗೆ ವ್ಯವಸ್ಥೆ ಮುಗಿಯಿತು. ನೀರು ನಿಂತ ಪೈಪಿನಲ್ಲಿ ಪ್ರತಿ ಹತ್ತು ಮೀಟರ್ ಎತ್ತರಕ್ಕೆ, ತಳದ ಒಂದು ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕಿಲೋ ಒತ್ತಡ ಬೀಳುತ್ತದೆ. 600 ಮೀಟರ್ ಎಂದರೆ 60 ಕಿಲೋ. ಮನೆಬಳಕೆಯ ಯಾವ ನಲ್ಲಿಯೂ, ಯಾವ ಜಾಯಿಂಟೂ ಅದನ್ನು ತಾಳದು. ಹಾಗಾಗಿ ಗೋಪುರದ ಒಳಗೆ ಬೇರೆ ಬೇರೆ ಎತ್ತರದಲ್ಲಿ ಟ್ಯಾಂಕುಗಳಿವೆ. ನೀರು ಅಲ್ಲಿ ತಂಗಿ ಮುಂದಕ್ಕೆ ಏರುತ್ತದೆ. ಮೇಲಿನ ಟ್ಯಾಂಕಿನಿಂದ ತನ್ನ ಭಾರಕ್ಕೆ ತಾನೇ ಇಳಿದು ಕೆಳಗಿನ ಕೆಲವೇ ಮಹಡಿಗಳ ನಲ್ಲಿಗೆ ಬರುತ್ತದೆ. ಮಳೆನೀರನ್ನೂ ಬಳಸಿದ ನೀರನ್ನೂ ಶುದ್ಧ ಮಾಡಿ ಶೌಚಾಲಯಕ್ಕೆ ಮತ್ತು ಗಿಡಗಳಿಗೆ ಹರಿಸುತ್ತಾರೆ.

ಎ.ಸಿ.ಗೆ ಬೇಕಾದ ತಣ್ಣೀರಿನದೂ ಇದೇ ಪಾಡು. ಒತ್ತಡ ಇಳಿಸಲು ನಡುನಡುವೆ ಶಾಖ ವಿನಿಮಯ ಯಂತ್ರಗಳನ್ನಿಟ್ಟರೆ, ಕೆಳಗಿನ ನೀರಿನ ತಂಪು ಮಾತ್ರ ಮೇಲಿನ ಪೈಪಿಗೆ ದಾಟುತ್ತದೆ, ಭಾರ ದಾಟುವುದಿಲ್ಲ. ಆದರೆ ಹೀಗೆ ದಾಟುವಾಗೆಲ್ಲ ಒಂದಿಷ್ಟು ತಂಪು ಸೋರಿಹೋಗುತ್ತದೆ. ಅದಕ್ಕೇ ಇಲ್ಲಿ ನೆಲಮಾಳಿಗೆಯಲ್ಲಿ ನೀರು ತಣಿಸುವ ಚಿಲ್ಲರ್‌ಗಳ ಜೊತೆಗೆ ಮೇಲಿನ ವಲಯಗಳಿಗೆಂದು ಎತ್ತರದಲ್ಲೇ ಇನ್ನೊಂದು ಸ್ಥಾವರ ಕಟ್ಟಿದ್ದಾರೆ. ವಿದ್ಯುತ್ ಅಗ್ಗವಾಗಿರುವ ರಾತ್ರಿ ಹೊತ್ತು ಮಂಜುಗಡ್ಡೆ ಮಾಡಿಟ್ಟು ಹಗಲಿನಲ್ಲಿ ಅದರಿಂದ ತಂಪು ಪಡೆಯುವ ಏರ್ಪಾಡೂ ಇದೆ. ಕಚೇರಿಗೆ ತಂಪು ಬೇಕಾಗುವುದು ಹಗಲು, ಹೋಟೆಲಿನ ಕೋಣೆಗಳು ತುಂಬುವುದು ರಾತ್ರಿ. ಬಗೆಬಗೆಯ ಬಳಕೆಯನ್ನು ಒಂದೇ ಸೂರಿನಡಿ ತಂದಾಗ ಯಂತ್ರಗಳ ಮೇಲಿನ ಹೊರೆ ದಿನವಿಡೀ ಹಂಚಿಹೋಗುತ್ತದೆ.

ಹೊರಗೋಡೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಗೋಪುರಕ್ಕೆ ಗಾಜಿನ ಗೋಡೆ ಎರಡು. ಒಳಗಿನದು ವೃತ್ತಾಕಾರ, ಹೊರಗಿನದು ಮೂಲೆ ಉಜ್ಜಿದ ತ್ರಿಕೋನ. ಹೊರಗಿನದು ಬುಡದಿಂದ ತುದಿಗೆ ಹೋಗುವಷ್ಟರಲ್ಲಿ 120 ಡಿಗ್ರಿ ತಿರುಗುತ್ತದೆ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಗಾಜಿನ ಫಲಕಗಳಿರುವ ಈ ಗೋಡೆ ತಳದಿಂದ ಎದ್ದು ನಿಂತಿಲ್ಲ. ಪ್ರತಿ ವಲಯದಲ್ಲೂ ಮೇಲಿನ ಯಂತ್ರಮಹಡಿಯಿಂದ ಉಕ್ಕಿನ ಸರಳುಗಳಲ್ಲಿ ಜೋತುಬಿದ್ದಿದೆ. ಬಿಸಿಲಿಗೆ ಹಿಗ್ಗಿದರೆ, ಚಳಿಗೆ ಕುಗ್ಗಿದರೆ ಅಲುಗಾಡಲು ಕೆಳತುದಿಯಲ್ಲಿ ಜಾಗ ಬಿಟ್ಟಿದ್ದಾರೆ. ಎರಡು ಗೋಡೆಗಳ ನಡುವಿನ ಖಾಲಿ ಜಾಗದಲ್ಲಿ ಗಿಡಮರಗಳ ಅಂಗಳಗಳಿವೆ. ಆಗಸ್ಟಿನ ಧಗೆಯಾಗಲಿ ಜನವರಿಯ ಕೊರೆತವಾಗಲಿ ನೇರವಾಗಿ ಕಚೇರಿಗೆ ತಟ್ಟದಂತೆ ಆ ಗಾಳಿಯ ಪದರ ತಡೆಯುತ್ತದೆ. ಬಾಡಿಗೆ ಲೆಕ್ಕದಲ್ಲಿ ಇಷ್ಟು ಜಾಗ ಬಿಡುವುದು ನಷ್ಟವೇ ಸರಿ. ಆದರೂ ಮುಗಿಲೆತ್ತರದಲ್ಲಿ ದುಡಿಯುವ ಮನುಷ್ಯನಿಗೆ ಮಧ್ಯಾಹ್ನ ಕಾಲಾಡಿಸಲು ಒಂದು ಅಂಗಳ ಸಿಗುವುದಾದರೆ ಆ ನಷ್ಟ ಸಾರ್ಥಕ ಎಂದೇ ನನ್ನ ನಂಬಿಕೆ.

ಗೋಡೆಯ ತಿರುಚು ಕೇವಲ ಅಂದಕ್ಕಲ್ಲ. ಬಿರುಗಾಳಿ ಸಪಾಟು ಕಟ್ಟಡಕ್ಕೆ ಬಡಿದಾಗ ಎರಡೂ ಬದಿ ಒಂದಾದ ಮೇಲೊಂದರಂತೆ ಸುಳಿಗಳೇಳುತ್ತವೆ, ಕಟ್ಟಡ ಓಲಾಡುತ್ತದೆ. ತಿರುಚಿದ ಮೈ ಆ ಸುಳಿಗಳ ತಾಳ ತಪ್ಪಿಸುತ್ತದೆ. ವಿಂಡ್ ಟನೆಲ್ ಪರೀಕ್ಷೆಗಳ ಪ್ರಕಾರ ಗಾಳಿಯ ಹೊರೆ ಶೇ 24ರಷ್ಟು ತಗ್ಗಿತು. ಉಕ್ಕೂ ಉಳಿಯಿತು, ಹಣವೂ ಉಳಿಯಿತು. ಮಿಕ್ಕ ತೂಗಾಟವನ್ನು ನೋಡಿಕೊಳ್ಳುವುದು 125ನೇ ಮಹಡಿಯಲ್ಲಿ ಉಕ್ಕಿನ ಹಗ್ಗಗಳಿಗೆ ತೂಗುಹಾಕಿದ 1,000 ಟನ್ನಿನ ಭಾರ. ಕಟ್ಟಡ ಒಂದು ಕಡೆ ವಾಲಿದರೆ ಈ ಭಾರ ಹಿಂದುಳಿದು ಅದನ್ನು ಎಳೆದು ನಿಲ್ಲಿಸುತ್ತದೆ. ತೈಪೆ 101 ಗೋಪುರದಲ್ಲಿ ಇಂಥದೇ 660 ಟನ್ನಿನ ಗುಂಡಿನ ಚಲನೆ ತಗ್ಗಿಸಲು ಎಣ್ಣೆ ತುಂಬಿದ ಡ್ಯಾಂಪರುಗಳಿವೆ. ಇಲ್ಲಿ ಅಯಸ್ಕಾಂತ ಮತ್ತು ತಾಮ್ರದ ತಟ್ಟೆ. ಭಾರ ತೂಗಿದಾಗ ತಾಮ್ರದಲ್ಲಿ ಸುಳಿವಿದ್ಯುತ್ ಹುಟ್ಟಿ ಚಲನೆಗೆ ತಡೆಯೊಡ್ಡುತ್ತದೆ, ಒಂದಕ್ಕೊಂದು ತಾಗುವುದೇ ಇಲ್ಲ. 2021ರ ಜುಲೈನಲ್ಲಿ ಚಂಡಮಾರುತ ಬಂದಾಗ ಈ ಭಾರ ಬರಿಗಣ್ಣಿಗೇ ಕಾಣುವಂತೆ ಓಲಾಡಿತ್ತು.

ಲಿಫ್ಟುಗಳು ಮಿತ್ಸುಬಿಷಿ ಎಲೆಕ್ಟ್ರಿಕ್‌ನವು. ಅತಿ ವೇಗದ್ದು ಸೆಕೆಂಡಿಗೆ 20.5 ಮೀಟರ್, ಅಂದರೆ ಗಂಟೆಗೆ ಸುಮಾರು 74 ಕಿ.ಮೀ. ಓಡಬಲ್ಲದು. ಕಿವಿ ಗವ್ವೆನ್ನದಂತೆ ಒಳಗಿನ ಗಾಳಿಯ ಒತ್ತಡವನ್ನು ಹದ ಮಾಡುತ್ತಾರೆ. ಕಚೇರಿಗೆ ಹೋಗುವವರು ಮೊದಲು ತಮ್ಮ ವಲಯದ ಲಾಬಿಗೆ ಹೋಗಿ, ಅಲ್ಲಿ ಇನ್ನೊಂದು ಲಿಫ್ಟು ಹಿಡಿಯುತ್ತಾರೆ.

ಬೆಂಕಿ ಬಿದ್ದಾಗ ಎಲ್ಲರೂ ನೂರು ಮಹಡಿ ಇಳಿಯಲು ಸಾಧ್ಯವಿಲ್ಲ. ಹಾಗಾಗಿ ಪ್ರತಿ ವಲಯದ ಯಂತ್ರಮಹಡಿಯಲ್ಲಿ ಜನ ಸುರಕ್ಷಿತವಾಗಿ ಕಾಯುವ ಆಶ್ರಯತಾಣವಿದೆ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯೂ 24 ಮೀಟರಿಗಿಂತ ಎತ್ತರದ ಕಟ್ಟಡಗಳಲ್ಲಿ ಇಂಥ ತಾಣ ಇರಬೇಕು ಎನ್ನುತ್ತದೆ. ಬೆಂಗಳೂರಿನ ಎತ್ತರದ ಕಟ್ಟಡಗಳಲ್ಲಿ ಇರುವವರು ತಮ್ಮಲ್ಲಿ ಆ ಜಾಗ ಯಾವ ಮಹಡಿಯಲ್ಲಿದೆ, ಅದಕ್ಕೆ ಬೀಗ ಬಿದ್ದಿದೆಯೇ ಎಂದು ಇಂದೇ ನೋಡಿಕೊಳ್ಳಬೇಕು.

ಶಾಂಘೈಗೆ ಹೋಗುವವರು ಮೆಟ್ರೊ ಎರಡನೇ ಮಾರ್ಗದಲ್ಲಿ ಲುಜಿಯಾಜುಯಿಗೆ ಬಂದು, ಅಲ್ಲಿಂದ ನಡೆದೇ ಗೋಪುರ ತಲುಪಬಹುದು. ಪ್ರೇಕ್ಷಕರ ಗ್ಯಾಲರಿ ಇರುವುದು 118ನೇ ಮಹಡಿಯಲ್ಲಿ. ಮೋಡ ಕವಿದ ದಿನ ಮೇಲಿನಿಂದ ಬಿಳುಪಲ್ಲದೆ ಬೇರೇನೂ ಕಾಣದು. ಆಕಾಶ ನೋಡಿಕೊಂಡು ಟಿಕೆಟ್ ಕೊಳ್ಳಿ.