ಮನೆಯ ಮೂರು ತಂತಿಗಳೂ ನಾಲ್ಕನೆಯದೂ

ದೀಪವು ಒಂದು ಕೋಣೆಯಲ್ಲಿ ಮಂಕಾಗಿಯೂ ಇನ್ನೊಂದರಲ್ಲಿ ಕಣ್ಣು ಕುಕ್ಕುವಂತೆಯೂ ಉರಿದರೆ, "ಕರೆಂಟು ಏರಿಳಿಯುತ್ತಿದೆ" ಎಂದು ಸುಮ್ಮನಾಗುವವರೇ ಬಹಳ. ನಾವೂ ಹಾಗೆಯೇ ಎರಡು ದಿನ ಸುಮ್ಮನಿದ್ದೆವು. ಮೂರನೆಯ ದಿನ ಬೆಳಗ್ಗೆ ಸ್ನಾನಕ್ಕೆಂದು ಗೀಸರು ಹಾಕಿದೊಡನೆ ನಡುಮನೆಯ ಟೆಲಿವಿಷನ್ನಿನಿಂದ ಸುಟ್ಟ ವಾಸನೆ ಬಂದಿತು. ಎಲ್ಲಿಯ ಗೀಸರು, ಎಲ್ಲಿಯ ಟೆಲಿವಿಷನ್ನು! ಕರೆಸಿದ ಎಲೆಕ್ಟ್ರಿಷಿಯನ್ನನು ಮೀಟರಿನ ಬಳಿಯ ಪೆಟ್ಟಿಗೆಯನ್ನು ಬಿಚ್ಚಿ, ಬೆಂದು ಸಡಿಲವಾಗಿದ್ದ ಕಪ್ಪು ತಂತಿಯ ತುದಿಯನ್ನು ತೋರಿಸಿ, "ಫೇಸುಗಳು ಮೂರೂ ಸರಿಯಾಗಿವೆ ಸ್ವಾಮಿ, ಹೋಗಿರುವುದು ನ್ಯೂಟ್ರಲ್ಲು" ಎಂದನು.

ಹೆಚ್ಚು ವಿದ್ಯುತ್ತು ಬೇಕಾದ ಮನೆಗೆ ಮೂರು ಫೇಸುಗಳು ಬರುವುವು. ನಮ್ಮಲ್ಲಿ ಅವುಗಳ ಬಣ್ಣ ಕೆಂಪು, ಹಳದಿ, ನೀಲಿ. ಹಿಂದಿರುಗುವ ದಾರಿಯಾದ ನ್ಯೂಟ್ರಲ್ಲಿಗೆ ಕಪ್ಪು. ಒಂದೊಂದು ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ 230 ವೋಲ್ಟು. ಎರಡು ಫೇಸುಗಳ ನಡುವೆ ಸುಮಾರು 400. ಈ ಮೂರರ ಪ್ರವಾಹಗಳು ಒಟ್ಟಿಗೆ ಏರಿ ಒಟ್ಟಿಗೆ ಇಳಿಯತಕ್ಕವಲ್ಲ. ಒಂದರ ಹಿಂದೆ ಒಂದು, ಸರದಿಯಂತೆ ಬರುವುವು. ಆದಕಾರಣ ಮೂರರಲ್ಲಿಯೂ ಇಪ್ಪತ್ತಿಪ್ಪತ್ತು ಆಂಪಿಯರುಗಳ ಸಮಭಾರವಿದ್ದರೆ, ನ್ಯೂಟ್ರಲ್ಲಿನಲ್ಲಿ ಅವು ಒಂದನ್ನೊಂದು ಕಳೆದು ಏನೂ ಉಳಿಯದು. ಒಂದರಲ್ಲಿ 20, ಉಳಿದೆರಡರಲ್ಲಿ ಐದೈದು ಆದರೆ 15 ಆಂಪಿಯರು ನ್ಯೂಟ್ರಲ್ಲಿನ ಪಾಲಿಗೆ ಬರುವುದು. ಸಡಿಲವಾದ ತಿರುಪಿನ ಕೆಳಗೆ ಇಷ್ಟು ಪ್ರವಾಹವು ದಿನವೂ ಹರಿದರೆ ಅದು ಬೇಯುವುದರಲ್ಲಿ ಆಶ್ಚರ್ಯವೇನು?

ಬೆಂದು ಕಡಿದುಹೋದ ಮೇಲಿನ ಸಂಗತಿಯೇ ಭಯಂಕರವಾದುದು. ದಾರಿ ತಪ್ಪಿದ ಪ್ರವಾಹವು ಒಂದು ಫೇಸಿನಿಂದ ಗೀಸರನ್ನು ಹಾದು, ಟೆಲಿವಿಷನ್ನಿನ ಮೂಲಕ ಮತ್ತೊಂದು ಫೇಸಿಗೆ ಸೇರುವುದು. ಆಗ 400 ವೋಲ್ಟು ಇವೆರಡರಲ್ಲಿ ಹಂಚಿಹೋಗುವುದು. ಆದರೆ ಸಮನಾಗಿ ಅಲ್ಲ. 2000 ವ್ಯಾಟಿನ ಗೀಸರಿನೊಡನೆ 100 ವ್ಯಾಟಿನ ಉಪಕರಣವೊಂದು ಹೀಗೆ ಸಿಕ್ಕಿಕೊಂಡಿತೆಂದು ಲೆಕ್ಕ ಹಾಕಿದರೆ, ಸುಮಾರು 380 ವೋಲ್ಟು ಬಡಪಾಯಿಯಾದ ಚಿಕ್ಕದರ ಮೇಲೆಯೇ ಬೀಳುವುದು. ಭಾರಿಯದು ಬದುಕಿಕೊಳ್ಳುವುದು.

ಈ ಅಪಾಯವನ್ನು ಬಲ್ಲವರೇ ನಿಯಮಗಳನ್ನು ಮಾಡಿದರು. ಸರ್ಕಿಟುಗಳ ಸಮತೋಲವನ್ನು ಮೊದಲೇ ಗೊತ್ತುಮಾಡಿಕೊಳ್ಳತಕ್ಕದ್ದೆಂದು ತಂತಿಕೆಲಸದ ಭಾರತೀಯ ಮಾನಕವು ವಿಧಿಸಿದೆ. ಭೂಮಿಗೆ ಜೋಡಿಸಿದ ನ್ಯೂಟ್ರಲ್ಲಿನಲ್ಲಿ ಫ್ಯೂಸನ್ನಾಗಲಿ ಒಂಟಿ ಸ್ವಿಚ್ಚನ್ನಾಗಲಿ ಇಡಕೂಡದೆಂದು 1956ರ ಭಾರತೀಯ ವಿದ್ಯುತ್ ನಿಯಮಗಳು ಹೇಳಿದವು. ಫೇಸುಗಳೊಡನೆಯೇ ಕಡಿಯುವ ಜೋಡು ಸ್ವಿಚ್ಚಿಗೆ ಮಾತ್ರ ಅನುಮತಿಯುಂಟು.

ಎಲ್ಲ ಭಾರವನ್ನೂ ಸಮನಾಗಿ ಹಂಚಿದರೂ ಈಗಿನ ಕಾಲದಲ್ಲಿ ನ್ಯೂಟ್ರಲ್ಲಿಗೆ ಪೂರ್ಣ ವಿಶ್ರಾಂತಿಯಿಲ್ಲ. ಎಲ್‌ಇಡಿ ದೀಪ, ಕಂಪ್ಯೂಟರುಗಳು ಪ್ರವಾಹವನ್ನು ತುಂಡುತುಂಡಾಗಿ ಸೆಳೆಯುವುವು. ಅವುಗಳಿಂದಾಗುವ ಕೆಲವು ಅಲೆಗಳು ಒಂದನ್ನೊಂದು ಕಳೆಯದೆ ನ್ಯೂಟ್ರಲ್ಲಿನಲ್ಲಿ ಕೂಡಿಕೊಳ್ಳುವುವು. ಆದುದರಿಂದ ಕಾಸು ಉಳಿಸಲು ಆ ತಂತಿಯನ್ನು ಸಣ್ಣದಾಗಿ ಎಳೆಯಿಸುವುದು ನನಗೆ ಬುದ್ಧಿವಂತಿಕೆಯಾಗಿ ತೋರುವುದಿಲ್ಲ.

ಇನ್ನು ನಮ್ಮದೇ ತಪ್ಪು. ಬೇಸಗೆಯಲ್ಲಿ "ಒಂದು ಫೇಸ್ ಹೋಗಿದೆ" ಎಂದು ಸೆಲೆಕ್ಟರ್ ಸ್ವಿಚ್ಚನ್ನು ತಿರುಗಿಸಿ ಅದರ ಭಾರವನ್ನು ಇನ್ನೊಂದರ ಮೇಲೆ ಹಾಕಿದ್ದೆವು. ಹೋದ ಫೇಸು ಸಂಜೆಗೇ ಬಂದಿತ್ತು; ಸ್ವಿಚ್ಚು ಮಾತ್ರ ಎಂಟು ತಿಂಗಳು ಹಾಗೆಯೇ ಇತ್ತು. ಎಲೆಕ್ಟ್ರಿಷಿಯನ್ನನು ತಿರುಪನ್ನು ಬಿಗಿದು, ಗೀಸರು, ಪಂಪು, ಇಸ್ತ್ರಿಗಳನ್ನು ಬೇರೆಬೇರೆ ಫೇಸುಗಳಿಗೆ ಹಂಚಿ, ಎಲ್ಲವನ್ನೂ ಹಾಕಿಸಿ, ಕಪ್ಪು ತಂತಿಗೆ ಕ್ಲಾಂಪ್ ಮೀಟರನ್ನು ಹಿಡಿದನು. ಮುಳ್ಳಿಲ್ಲದ ಆ ಯಂತ್ರದಲ್ಲಿ 2 ಎಂಬ ಅಂಕಿಯು ಕಾಣಿಸಿತು. ಹಿಂದಿನ ಜೋಡಣೆಯಲ್ಲಿ ಎಷ್ಟಿತ್ತೆಂದು ಅಳೆದು ನೋಡಲು ಧೈರ್ಯ ಯಾರಿಗೂ ಇರಲಿಲ್ಲ.